ನನ್ನ ಪಾಲಿನ ಐಬು

ಹೊಸ ಮನೆಯಲ್ಲಿ ಐಬು ಸಿಕ್ಕಿತೆಂದು ಬೀದಿಗೆಲ್ಲ ಸಿಹಿ ಹಂಚುವವರನ್ನು ನೀವು ನೋಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಊರಿನಲ್ಲಿ ಅದು ಮಾಮೂಲು. ಮೇಸ್ತ್ರಿ ಕರಣೆ ತೊಳೆದಿಟ್ಟ ಮೇಲೆ, ಹಾಲುಕ್ಕಿಸುವ ಮುಂಚೆ, ಮನೆಯವರೆಲ್ಲ ತಲೆಗೆ ಎರೆದುಕೊಂಡು, ಒಳ್ಳೆಯ ಬಟ್ಟೆ ಉಟ್ಟು ಐಬು ನೋಡಲು ಹೋಗುತ್ತಾರೆ. ಗೋಡೆ ತಟ್ಟುತ್ತಾರೆ, ಬಾಗಿಲು ಎಳೆಯುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಮಂಡಿಯೂರಿ ಕೂತು ನೆಲವನ್ನು ಅಂಗೈಯಿಂದ ಸವರುತ್ತಾರೆ. ವಾಸಕ್ಕೆ ಬರುವವರು ಎಷ್ಟು ಜನವೋ ಅಷ್ಟು ಐಬು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ತಲೆಗೊಂದು.

ಯಾವುದು ಯಾರದು ಎಂದು ತಿಳಿಯುವುದು ಕಷ್ಟವೇನಲ್ಲ. ಐಬು ತನ್ನವರ ಕೈಗೆ ಮಾತ್ರ ಬಗ್ಗುತ್ತದೆ. ಬೀದಿಯವರೆಲ್ಲ ಹೆಗಲು ಕೊಟ್ಟು ನೂಕಿದರೂ ತೆರೆಯದ ಬಾಗಿಲು ತನ್ನವರು ಬಂದು ಬೆರಳಿಟ್ಟರೆ ತೆರೆದುಕೊಳ್ಳುತ್ತದೆ. ನನ್ನ ತವರುಮನೆಯ ಸೋರುವ ಸೂರು ನಮ್ಮಪ್ಪನ ಐಬು. ಮಳೆ ಬಂದರೆ ನಮ್ಮೆಲ್ಲರ ನೆತ್ತಿಯ ಮೇಲೂ ತೊಟ್ಟಿಕ್ಕುತ್ತಿತ್ತು. ಅಪ್ಪ ಅದೇ ಜಾಗದಲ್ಲಿ ಕೂತರೆ ಒಂದು ಹನಿ ಇಲ್ಲ. ಅದಕ್ಕೇ ಮಳೆಗಾಲದಲ್ಲಿ ನಾವು ಮಕ್ಕಳೆಲ್ಲ ಅಪ್ಪನನ್ನು ಮಧ್ಯೆ ಕೂರಿಸಿ, ಸುತ್ತ ಅಂಟಿಕೊಂಡು ಊಟ ಮಾಡುತ್ತಿದ್ದೆವು. ಅಪ್ಪ ತೀರಿಕೊಂಡ ವರ್ಷ ಆ ಸೋರಿಕೆ ತಾನಾಗಿಯೇ ನಿಂತುಹೋಯಿತು. ಅವ್ವ ಮಾತ್ರ ಈಗಲೂ ಮಳೆ ಬಂದಾಗ ಅಲ್ಲೊಂದು ಪಾತ್ರೆ ಇಟ್ಟು ನೋಡುತ್ತಾಳೆ.

ಐಬಿಲ್ಲದವರನ್ನು ಮನೆ ಮಲಗಿಸಿಕೊಳ್ಳುವುದಿಲ್ಲ. ಹಗಲೆಲ್ಲ ಇರಬಹುದು, ಉಣ್ಣಬಹುದು, ಜಗಳವನ್ನೂ ಆಡಬಹುದು. ಮಲಗಿದರೆ ಮಾತ್ರ ಬೆಳಗ್ಗೆ ಏಳುವುದು ಜಗುಲಿಯ ಮೇಲೆ. ಪೋಸ್ಟ್ ಮಾಸ್ತರರ ಭಾವಮೈದನಿಗೆ ಹಾಗಾಗಿತ್ತು. ನಡುಮನೆಯಲ್ಲಿ ಗೊರಕೆ ಹೊಡೆದವನು ಜಗುಲಿಯಲ್ಲಿ ಕಣ್ಣುಬಿಟ್ಟ. ತಲೆಯ ಕೆಳಗೆ ದಿಂಬು, ಪಕ್ಕದಲ್ಲಿ ನೀರಿನ ತಂಬಿಗೆ, ಮೆಟ್ಟಿಲ ಹತ್ತಿರ ಜೋಡಿಸಿಟ್ಟ ಚಪ್ಪಲಿ. ನಮ್ಮೂರ ಮನೆಗಳು ಮರ್ಯಾದಸ್ಥ ಮನೆಗಳು, ಯಾರನ್ನೂ ಬರಿಗೈಯಲ್ಲಿ ಆಚೆ ಹಾಕುವುದಿಲ್ಲ. ಕೊನೆಗೆ ಪಾಪ ಆತ ಜಗುಲಿಗೇ ತಡಿಕೆ ಕಟ್ಟಿಸಿ, ಸೊಳ್ಳೆಪರದೆ ಇಳಿಬಿಟ್ಟುಕೊಂಡು ಅಲ್ಲೇ ಸಂಸಾರ ಹೂಡಿದ. ನೆಂಟರ ಮಾತು ಬೇರೆ. ಚೀಲ ಕಟ್ಟಿಕೊಂಡು ಹೋಗುವವರೆಂದು ಗೊತ್ತಿದ್ದರೆ ಮನೆ ಬೇಸರಿಸುವುದಿಲ್ಲ. ಆಮೇಲೆ ಹುಟ್ಟುವ ಮಗುವಿಗೆ, ಬರುವ ಸೊಸೆಗೆ ಹೊಸದಾಗಿ ಎಲ್ಲೋ ಒಂದು ಬಿರುಕು ಬಿಡುತ್ತದೆ. ಆದರೆ ಹಾಲುಕ್ಕುವ ದಿನ ಹೊಸಿಲು ದಾಟುವವರ ಐಬು ಆ ಹಾಲು ಉಕ್ಕುವಷ್ಟರಲ್ಲಿ ಸಿಕ್ಕಿರಲೇಬೇಕು. ಬಾಡಿಗೆ ಮನೆಗಳಿಗೆ ಈ ಯಾವ ಕಟ್ಟಳೆಯೂ ಇಲ್ಲ. ಬಾಡಿಗೆ ಮನೆ ಯಾರನ್ನೂ ಗುರುತು ಹಿಡಿಯುವುದಿಲ್ಲ. ಅದರ ಐಬುಗಳು ಎಲ್ಲರಿಗೂ ಸಮಪಾಲು.

ನಾವಿದ್ದದ್ದು ಅಂಥದೇ ಒಂದು ಬಾಡಿಗೆ ಮನೆಯಲ್ಲಿ, ಮಂಡಕ್ಕಿ ಭಟ್ಟಿಯ ಹಿಂದೆ. ನನ್ನ ಗಂಡ ಪುಟ್ಟಸ್ವಾಮಿ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಮೈದುನ ಗುರುಮಲ್ಲ ಹಗಲು ಹಿಟ್ಟಿನ ಗಿರಣಿಯಲ್ಲಿ, ಸಂಜೆಯಾದರೆ ನಾಟಕದ ತಾಲೀಮಿನಲ್ಲಿ. ಅತ್ತೆ ಮಲ್ಲಾಜಮ್ಮ ಎಲ್ಲ ಹೊತ್ತಿನಲ್ಲೂ ಎಲ್ಲ ಕಡೆಯಲ್ಲೂ. ಮೂವರೂ ಗಿಡ್ಡ. ಗಿಡ್ಡ ಎಂದರೆ ಅಟ್ಟದ ಮೇಲಿನ ಡಬ್ಬಿ ಬೇಕಾದರೆ ಮೂವರೂ ಒಟ್ಟಿಗೆ ನನ್ನ ಮುಖ ನೋಡುವಷ್ಟು. ನಾನೊಬ್ಬಳೇ ಉದ್ದ. ಮದುವೆಯ ಫೋಟೋದಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನನ್ನ ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿದ್ದಾರೆ, ಆದರೂ ನಾನೇ ಒಂದು ಗೇಣು ಮೇಲಿದ್ದೇನೆ. ಆ ಬಾಡಿಗೆ ಮನೆಯ ಬಾಗಿಲುಗಳೋ, ಅವರಂಥವರಿಗೇ ಹೇಳಿ ಮಾಡಿಸಿದ್ದು. ಮೊದಲ ವರ್ಷ ನನ್ನ ಹಣೆಯ ಬುಗುಟು ಇಳಿಯಲೇ ಇಲ್ಲ. ಆಮೇಲೆ ಮೈ ತಾನಾಗಿಯೇ ಕಲಿತುಕೊಂಡಿತು. ಬಾಗಿಲು ಕಂಡರೆ ಬಗ್ಗುವುದು, ತೊಲೆ ಕಂಡರೆ ಬಗ್ಗುವುದು, ಅತ್ತೆಯ ಜೊತೆ ಮಾತಾಡುವಾಗ ಬಗ್ಗುವುದು. ಬಯಲಲ್ಲಿ ನಡೆಯುವಾಗಲೂ ನಾನು ಬಗ್ಗಿಯೇ ನಡೆಯುತ್ತೇನೆಂದು ಗುರುಮಲ್ಲ ರಂಗದ ಮೇಲೆ ಕುಣಿದು ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದ.

ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಒಲೆಯ ಮುಂದೆ ಮಸಿ ಹಿಡಿದ ಗೋಡೆ. ಆ ಗೋಡೆಯನ್ನು ನಾನು ಎಷ್ಟು ವರ್ಷ ನೋಡಿದೆನೋ, ಕೊನೆಕೊನೆಗೆ ಮಸಿಯ ಕಲೆಗಳಲ್ಲಿ ನನ್ನ ಸೋದರಮಾವಂದಿರ ಮುಖಗಳು ಕಾಣತೊಡಗಿದ್ದವು. ಹೊರಗೆ ಬಳೆಗಾರ ಬಂದ, ಮೆರವಣಿಗೆ ಹೋಯಿತು, ಯಾರೋ ಜಗಳವಾಡಿದರು, ಎಲ್ಲವೂ ನನಗೆ ಕಿವಿಗೆ ಮಾತ್ರ. ಓಡಿಬಂದು ನೋಡುವಷ್ಟರಲ್ಲಿ ಒಗ್ಗರಣೆ ಸೀದು ಅತ್ತೆಯ ಬಾಯಿ ಶುರುವಾಗುತ್ತಿತ್ತು. ಹೊಸ ಮನೆ ಕಟ್ಟುವ ಮಾತು ಬಂದಾಗ ನಾನು ಕೇಳಿದ್ದು ಒಂದೇ: ಅಡುಗೆಮನೆಗೆ ರಸ್ತೆ ಕಾಣುವ ಹಾಗೆ ಒಂದು ಕಿಟಕಿ. ಮೇಸ್ತ್ರಿ ದೊಡ್ಡೀರಯ್ಯ "ಆಯ್ತು ಕಣವ್ವ" ಎಂದ. ಅದಾದ ಮೇಲೆ ನಾನು ಬಾಯಿ ತೆರೆಯಲಿಲ್ಲ. ಗೋಡೆ ಎದ್ದ ಮೇಲೆ ಮನೆಯವರು ನಡುವೆ ಬಾಯಿ ಹಾಕಿ ಏನನ್ನೂ ತಿದ್ದಿಸಬಾರದು, ತಿದ್ದಿಸಿದರೆ ಯಾರದೋ ಐಬು ಅಳಿಸಿಹೋಗುತ್ತದೆ. ಇದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು.

ಐಬು ನೋಡುವ ದಿನ ನಾಲ್ವರೂ ಹೊರಟೆವು. ಐಬುಗಾರ ಸಂಗಯ್ಯನವರು ಆಗಲೇ ಬಂದು ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸಿಕ್ಕಿದ ಐಬನ್ನು ಪರೀಕ್ಷೆ ಮಾಡಿ, ಹೌದು ಎಂದು ಅದರ ಪಕ್ಕದಲ್ಲಿ ಕೆಮ್ಮಣ್ಣಿನ ಬೊಟ್ಟು ಇಡುವುದು ಅವರ ಕೆಲಸ. ಹುಡುಕುವುದು ಅವರ ಕೆಲಸವಲ್ಲ. ಕೊಟ್ಟದ್ದನ್ನು ತಿನ್ನುತ್ತಾ, ಮನೆಯವರು ಗೋಡೆಗೋಡೆ ಮೂಸಿಕೊಂಡು ಓಡಾಡುವುದನ್ನು ನೋಡುತ್ತಾ ಕೂತಿರುತ್ತಾರೆ. ಮನೆ ಕಟ್ಟಿದ ಮೇಸ್ತ್ರಿಗೆ ಮಾತ್ರ ಹಾಲುಕ್ಕುವವರೆಗೆ ಒಳಗೆ ಪ್ರವೇಶವಿಲ್ಲ. ತನ್ನ ಕೈಕೆಲಸದಲ್ಲಿ ಯಾರಿಗೂ ಐಬು ಕಾಣುವುದಿಲ್ಲ, ಬಂದರೆ ವಾದಕ್ಕೆ ನಿಲ್ಲುತ್ತಾರೆ ಎಂದು. ದೊಡ್ಡೀರಯ್ಯ ರಸ್ತೆಯಾಚೆ ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತು ನಮ್ಮ ಮನೆಯನ್ನೇ ನೋಡುತ್ತಿದ್ದ.

ಮೊದಲು ಸಿಕ್ಕಿದ್ದು ನನ್ನ ಗಂಡನದು. ಬಚ್ಚಲಮನೆಯ ಚಿಲಕ. ಗುರುಮಲ್ಲ ಎಳೆದ, ನಾನು ಎಳೆದೆ, ಸಂಗಯ್ಯನವರು ಕೂಡ ಎದ್ದು ಬಂದು ಪಂಚೆ ಎತ್ತಿಕಟ್ಟಿ ಎಳೆದರು. ಜಪ್ಪಯ್ಯ ಅನ್ನಲಿಲ್ಲ. ಇವರು ಬಂದು ಗಡಿಯಾರಕ್ಕೆ ಕೀ ಕೊಡುವ ಹಾಗೆ ಎರಡು ಬೆರಳಲ್ಲಿ ಹಿಡಿದರೆ ಚಿಲಕ ಸದ್ದಿಲ್ಲದೆ ಸರಿಯಿತು. ನೀರು ಹುಯ್ದುಕೊಂಡು ಗಂಟೆಗಟ್ಟಲೆ ಒಳಗೇ ಕೂರುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಐಬು ಯಾವುದು? ಇವರ ಮುಖ ನೋಡಬೇಕಿತ್ತು. ಅದರ ಹಿಂದೆಯೇ ಗುರುಮಲ್ಲನದು ಸಿಕ್ಕಿತು. ಮಹಡಿ ಮೆಟ್ಟಿಲಿನಲ್ಲಿ ಒಂದು ಹಲಗೆ, ಯಾರು ಕಾಲಿಟ್ಟರೂ ಬೀದಿಗೆ ಕೇಳುವಂತೆ ಕಿರುಗುಟ್ಟುತ್ತದೆ. ಅವನು ಹತ್ತಿದರೆ ಮಾತ್ರ ಮೌನ. ತಾಲೀಮು ಮುಗಿಸಿ ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುವವನು ಮೆಟ್ಟಿಲಿಗೆ ಹಣೆಯಿಟ್ಟು ನಮಸ್ಕಾರ ಮಾಡಿದ. "ಈ ಮನೆಗೂ ನಿನಗೂ ಒಳಗೊಳಗೇ ಮಾತುಕತೆ ಆಗಿದೆ ಬಿಡು" ಎಂದು ಅತ್ತೆ ಗೊಣಗಿದರು.

ಆಮೇಲೆ ಅತ್ತೆಯದು. ಅವರೇನೂ ಹುಡುಕುತ್ತಿರಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದರು. ಪೂಜೆಗೆ ತಂದಿದ್ದ ನಿಂಬೆಹಣ್ಣು ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಬಾಗಿಲ ಕಡೆಗೆ ಉರುಳಿತು. ನೆಲ ಇಳಿಜಾರು ಎಂದು ಗುರುಮಲ್ಲ ಕೂಗಿದ. ಇನ್ನೊಂದು ಬಿಟ್ಟ, ಅದೂ ಬಾಗಿಲಿಗೇ ಓಡಿತು. ಸಂಗಯ್ಯನವರು "ಮಲ್ಲಾಜಮ್ಮ, ಒಂದು ಸಲ ಕೈ ಚಾಚಿ" ಎಂದರು. ಅತ್ತೆ ಅರೆಮನಸ್ಸಿನಿಂದ ಕೈ ಚಾಚಿದರು. ಎರಡೂ ನಿಂಬೆಹಣ್ಣುಗಳು ಬಾಗಿಲಲ್ಲಿ ತಿರುಗಿ, ಏರು ಹತ್ತಿಕೊಂಡು ಬಂದು, ಕರೆದ ಕೋಳಿಮರಿಗಳ ಹಾಗೆ ಅವರ ಅಂಗೈ ಪಕ್ಕದಲ್ಲಿ ನಿಂತವು. ನಾವೆಲ್ಲ ಹೋ ಎಂದು ಕೂಗಿದೆವು. ಇನ್ನು ಮೇಲೆ ಎಲೆಅಡಿಕೆ ಚೀಲಕ್ಕೆ ಅವರು ಏಳಬೇಕಾಗಿಲ್ಲ, ಕೈ ಚಾಚಿದರೆ ಸಾಕು! ಆದರೆ ಅತ್ತೆಯ ಮುಖದಲ್ಲಿ ನಗು ಬರಲಿಲ್ಲ. ಬಿಳಿಚಿಕೊಂಡು ನಿಂಬೆಹಣ್ಣುಗಳನ್ನೇ ನೋಡಿದರು, ನನ್ನನ್ನು ನೋಡಿದರು, ಮತ್ತೆ ನಿಂಬೆಹಣ್ಣುಗಳನ್ನು ನೋಡಿದರು. ಸಂತೋಷಕ್ಕೆ ಮಾತು ನಿಂತಿರಬೇಕು ಎಂದುಕೊಂಡೆ. ಅವರ ಮಾತು ನಿಲ್ಲುವುದು ಅಪರೂಪವಾದ್ದರಿಂದ ನನಗೆ ಅನುಭವ ಸಾಲದಾಯಿತು.

ಉಳಿದದ್ದು ನನ್ನದು. ನಾನು ಸೆರಗು ಸಿಕ್ಕಿಸಿ ಹೊರಟೆ. ಒಂದೊಂದು ನೆಲಹಂಚನ್ನೂ ತಟ್ಟಿದೆ, ಒಂದೊಂದು ಕಿಟಕಿಯನ್ನೂ ತೆರೆದು ಮುಚ್ಚಿದೆ. ಪಾಯದಿಂದ ಸೂರಿನವರೆಗೆ ನೋಡಿದೆ. ಅಡುಗೆಮನೆಗಂತೂ ಎಷ್ಟು ಸಲ ಹೋದೆನೋ. ಅಲ್ಲಿ ನನ್ನ ಕಿಟಕಿ ಇತ್ತು, ಒಲೆಕಟ್ಟೆಯ ಮೇಲೆ, ನಾನು ಕೇಳಿದ ಹಾಗೆಯೇ. ಅದರ ಮುಂದೆ ನಿಂತು ನೋಡಿದರೆ ರಸ್ತೆ, ಹುಣಸೆಮರ, ಸೋಡಾ ಅಂಗಡಿ, ಬೆಂಚಿನ ಮೇಲೆ ದೊಡ್ಡೀರಯ್ಯ. ಸಂಗಯ್ಯನವರೂ ಬಂದು ನೋಡಿ, "ಇದರಲ್ಲಿ ಐಬು ಹುಡುಕಿದ್ರೆ ಪಾಪ ಬರುತ್ತೆ" ಎಂದರು. ಮನೆಯಲ್ಲೆಲ್ಲ ಚೆನ್ನಾಗಿ ಬಂದಿರುವುದು ಅದೇ ಎಂದು ಎಲ್ಲರೂ ಹೇಳಿದರು. ಹೊತ್ತು ಇಳಿಯುವಷ್ಟರಲ್ಲಿ ನನ್ನ ಮಂಡಿ ಕೆಂಪಾಗಿತ್ತು, ಐಬು ಸಿಕ್ಕಿರಲಿಲ್ಲ.

ಮಾರನೆಯ ದಿನವೂ ಸಿಗಲಿಲ್ಲ. ಅದರ ಮಾರನೆಯ ಬೆಳಗ್ಗೆ ಹಾಲುಕ್ಕಿಸುವುದೆಂದು ಎಲ್ಲರಿಗೂ ಹೇಳಿಯಾಗಿತ್ತು. ನಾವು ಬಿಡಲಿದ್ದ ಬಾಡಿಗೆ ಮನೆಗೆ ಬರುವವರು ಆಗಲೇ ಗಾಡಿಯಲ್ಲಿ ಸಾಮಾನು ತಂದು ಬೀದಿಯಲ್ಲಿ ನಿಲ್ಲಿಸಿದ್ದರು. ಊರಿಗೆ ಸುದ್ದಿ ಹಬ್ಬಿತು. ಒಬ್ಬೊಬ್ಬರಾಗಿ ಬಂದು ಹುಡುಕಿದರು. ಬಂದವರು ಸುಮ್ಮನೆ ಹೋಗುತ್ತಾರೆಯೇ, ಬುದ್ಧಿ ಹೇಳಿ ಹೋದರು. ನೀವೇ ಒಂದು ಐಬು ಮಾಡಿಬಿಡಿ ಎಂದರು ಒಬ್ಬರು. ನನ್ನ ಗಂಡ ಸುತ್ತಿಗೆ ತಂದು, ಕಣ್ಣು ಮುಚ್ಚಿಕೊಂಡು, ದೇವರ ಮನೆಯ ಹೊಸಿಲಿನ ಮುಂದಿನ ನೆಲಹಂಚಿನ ಮೂಲೆ ಒಡೆದರು. ನಾನು ಕೈಯಿಟ್ಟೆ. ಹಂಚು ಒಡೆದ ಹಂಚಾಗಿಯೇ ಉಳಿಯಿತು. ಅದು ಯಾರ ಮಾತನ್ನೂ ಕೇಳಲಿಲ್ಲ. ಸಂಗಯ್ಯನವರು ಕೋಡುಬಳೆ ಮುರಿಯುತ್ತಾ ಇನ್ನೊಂದು ದಾರಿ ಹೇಳಿದರು. "ಹೀಗ್ಮಾಡಿ ಪುಟ್ಟಸ್ವಾಮಿ. ಈಯಮ್ಮನ್ನ ತವರಿಗೆ ಕಳಿಸಿ. ನೀವು ಹಾಲುಕ್ಕಿಸ್ಕೊಳ್ಳಿ. ಮುಂದಿನ ತಿಂಗಳು ಇವಳನ್ನೇ ಇನ್ನೊಂದ್ಸಲ ಮದುವೆ ಮಾಡ್ಕೊಂಡು ಕರ್ಕೊಂಬನ್ನಿ. ಹೊಸ ಸೊಸೆ ಅಂತ ಮನೆ ಹೊಸ ಐಬು ಕೊಡುತ್ತೆ."

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಸ್ವಲ್ಪ ಯೋಚಿಸಿ, "ನಂದೇನೂ ಅಡ್ಡಿಯಿಲ್ಲ. ಅವಳು ಒಪ್ಪಿದ್ರೆ ತಿಂಗಳು ತಿಂಗಳೂ ಆಗ್ತೀನಿ" ಎಂದರು. ಅಷ್ಟು ಬೇಸರದಲ್ಲೂ ನನಗೆ ಕೆನ್ನೆ ಬಿಸಿಯಾಯಿತು. ಆದರೆ ಗುರುಮಲ್ಲ ಅದಕ್ಕೆ ಬಿಡಲಿಲ್ಲ. "ಕೇರಿ ಆಚೆ ಹೂವಿನಂಗಡಿಯವರು ಹಾಗೆ ಮಾಡಿ ಏನಾಯ್ತು ಗೊತ್ತಿಲ್ವಾ? ಮಾರನೇ ದಿನ ನೋಡಿದ್ರೆ ಹೆಣ್ಣು ಜಗುಲಿ ಮೇಲೆ, ಬಾಸಿಂಗದ ಸಮೇತ! ಮನೆಗೇನು ಕಣ್ಣಿಲ್ವಾ?" ಎಂದ. ಸಂಗಯ್ಯನವರು ಕೋಡುಬಳೆಯ ಕಡೆಗೆ ಗಮನ ತಿರುಗಿಸಿದರು.

ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಆದರೆ ಒಳಗೆ ನನಗೆ ಅಳು ಒತ್ತಿಕೊಂಡು ಬರುತ್ತಿತ್ತು. ಈ ಮನೆಗೆ ಒಂದು ಕಿಟಕಿ ಬೇಕೆಂದು ಕೇಳಿದವಳು ನಾನು. ಇಟ್ಟಿಗೆಗೆ ನೀರು ಹೊಡೆದವಳು ನಾನು. ಮನೆಗೆ ಎಲ್ಲರೂ ಗೊತ್ತು, ನಾನು ಮಾತ್ರ ಗೊತ್ತಿಲ್ಲ. ಪಕ್ಕದ ಮನೆಯವರು ಒಂದು ಕೋಣೆ ಕೊಡುತ್ತೇವೆ, ರಾತ್ರಿ ಬಂದು ಮಲಗಿಕೊಳ್ಳಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ದಿನಾ ಅನ್ನ ಬೇಯಿಸಿಟ್ಟು, ಪಾತ್ರೆ ಕವುಚಿ, ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬೇರೆಯವರ ಮನೆಗೆ ಹೋಗುವುದನ್ನು ನೆನೆದು ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಬಂದವರು ಬಾಗಿಲು ಮುಂದೆ ಮಾಡಿ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಕೂತ ಕೂಡಲೇ ಕಣ್ಣಲ್ಲಿ ಬಳಬಳ ನೀರು. ಅವರು ಅಳುವುದನ್ನು ನಾನು ಮಾವನವರು ಹೋದಾಗ ನೋಡಿದ್ದೆ, ಮತ್ತೆ ನೋಡಿರಲಿಲ್ಲ.

"ದಾಕ್ಷಿ, ನಿನ್ನ ಐಬು ಅಳಿಸಿದೋಳು ನಾನೇ ಕಣೆ."

"ಏನತ್ತೆ ಹಂಗಂದ್ರೆ?"

"ನೀನು ತವರಿಗೆ ಹೋಗಿದ್ದಾಗ ಇಲ್ಲಿಗೆ ಬಂದಿದ್ದೆ. ಈ ಕಿಟಕಿ ಆಗ ಅಲ್ಲೆಲ್ಲೋ ಮೇಲಿತ್ತು. ನಾನು ಕಟ್ಟೆ ಮುಂದೆ ನಿಂತ್ಕೊಂಡು ನೋಡಿದ್ರೆ ಏನು ಕಾಣುತ್ತೆ? ಬರೀ ಗೋಡೆ. ನನ್ನ ಎದೆ ಧಸಕ್ ಅಂತು. ನಾನು ನಮ್ಮತ್ತೆ ಮನೇಲಿ ಗೋಡೆ ನೋಡ್ಕೊಂಡೇ ಸವೆದೆ, ನೀನೂ ಆ ಭಟ್ಟಿ ಹಿಂದೆ ಗೋಡೆ ನೋಡ್ಕೊಂಡೇ ಸವೆದೆ. ಆಸೆಪಟ್ಟು ಕೇಳಿದ್ದು ಒಂದು ಕಿಟಕಿ, ಅದಕ್ಕೂ ಹಿಂಗಾಯ್ತಲ್ಲ ಅಂತ ದೊಡ್ಡೀರಯ್ಯನ ಹಿಡ್ಕೊಂಡು ಇಳಿಸಿಬಿಟ್ಟೆ. ಅವನು ಆಗಲ್ಲ, ತಿದ್ದಬಾರದು ಅಂದ. ಒಂದು ಡಬ್ಬಿ ಕಜ್ಜಾಯ ಮಾಡಿಕೊಟ್ಟೆ. ಚೌಕಟ್ಟು ಬಿಚ್ಚಿ ಕೆಳಗಿಟ್ಟು, ಮೇಲಕ್ಕೆ ಇಟ್ಟಿಗೆ ತುಂಬಿದ. ಯಾರಿಗೂ ಹೇಳಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡೆ."

"ಐಬು ಅಳಿಸಿದ್ರೆ ಏನಾಗುತ್ತೆ ಅಂತ ಗೊತ್ತಿತ್ತಲ್ಲ ಅತ್ತೆ ನಿಮಗೆ?"

"ಗೊತ್ತಿತ್ತು ಕಣೆ. ಆದ್ರೆ ಕಂಡಿದ್ದು ನನಗೆ ತಾನೆ? ಅದು ನನ್ನ ಐಬೇ ಅನ್ಕೊಂಡೆ. ಹೋಗ್ಲಿ ಬಿಡು, ನಾನು ಮುದುಕಿ, ಜಗುಲೀಲಿ ಮಲಗಿದ್ರೆ ಗಾಳಿ ಚೆನ್ನಾಗಿ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಒಂದು ಕಂಬಳಿನೂ ತೆಗೆದಿಟ್ಟಿದ್ದೆ. ಆ ಹಾಳು ನಿಂಬೆಹಣ್ಣು ನನ್ನ ಹತ್ರ ಬಂತಲ್ಲ, ಆಗ ಜೀವ ಬಾಯಿಗೆ ಬಂತು. ನನ್ನದು ಇಲ್ಲಿದ್ರೆ ನಾನು ಅಳಿಸಿದ್ದು ಯಾರದು?"

ನನ್ನ ಅತ್ತೆಯ ಮೇಲೆ ನನಗೆ ಬಂದಿರುವ ಕೋಪಗಳಿಗೆ ಲೆಕ್ಕವಿಲ್ಲ. ಉಪ್ಪಿಗೆ ಬಂದಿದೆ, ಒಗ್ಗರಣೆಗೆ ಬಂದಿದೆ, ನನ್ನ ತವರಿನವರು ಕೊಟ್ಟ ಕೊಳದಪ್ಪಲೆ ಸಣ್ಣದಾಯಿತೆಂದು ಇವತ್ತಿಗೂ ಹೇಳುವುದಕ್ಕೆ ಬಂದಿದೆ. ಆ ಹೊತ್ತಿನಲ್ಲಿ ಮಾತ್ರ ಒಂದು ಚೂರು ಕೋಪವೂ ಬರಲಿಲ್ಲ. ನನಗೆ ರಸ್ತೆ ಕಾಣಲಿ ಎಂದು ಈಕೆ ಜಗುಲಿಯಲ್ಲಿ ಮಲಗಲು ಕಂಬಳಿ ತೆಗೆದಿಟ್ಟಿದ್ದರು! ನಾನು ನಗುತ್ತಾ ಅಳುತ್ತಾ ಅವರ ಮೂಗು ಒರೆಸಿದೆ. ಅವರು ನನ್ನ ಸೆರಗಿನಲ್ಲೇ ಇನ್ನೊಂದು ಸಲ ಸೀಟಿಕೊಂಡರು.

ಹೊರಗೆ ಬಂದು ಅತ್ತೆ ಎಲ್ಲರ ಎದುರು ಸಾರಿದರು. "ಕೇಳ್ರಪ್ಪ, ಇವಳನ್ನ ಮಲಗಿಸ್ಕೊಳ್ಳದ ಮನೇಲಿ ನಾನೂ ಮಲಗಲ್ಲ. ಜಗುಲೀಲಿ ಇವಳ ಪಕ್ಕದಲ್ಲಿ ನನ್ನ ಹಾಸಿಗೆ." ನನ್ನ ಗಂಡ, "ಹಂಗಾದ್ರೆ ನಂದೂ ಅಲ್ಲೇ ಹಾಸವ್ವ" ಎಂದರು. ಗುರುಮಲ್ಲ ಮೆಟ್ಟಿಲ ಕಡೆಗೊಮ್ಮೆ ಆಸೆಯಿಂದ ನೋಡಿ, ನಿಟ್ಟುಸಿರು ಬಿಟ್ಟು, "ನಾನೊಬ್ನೇ ಒಳಗೆ ಏನ್ಮಾಡ್ಲಿ, ನಂದೂ ಹಾಕಿ" ಎಂದ. ಲಕ್ಷಣವಾದ ಹೊಸ ಮನೆ ಕಟ್ಟಿಸಿ ಇಡೀ ಸಂಸಾರ ಜಗುಲಿಯಲ್ಲಿ ಸಾಲಾಗಿ ಮಲಗುವುದೆಂದು ತೀರ್ಮಾನವಾಯಿತು. ಹಾಗೆ ಮಲಗಿದರೂ ಪರವಾಗಿಲ್ಲ ಎನ್ನಿಸಿತು ನನಗೆ. ಆದರೆ ಆಸೆ ಮಾತ್ರ ಹೋಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಹಾಲುಕ್ಕಿಸುವ ಬೆಳಗ್ಗೆ ಬೀದಿ ತುಂಬ ಜನ. ನಮ್ಮೂರಿನವರು ಸುಖಕ್ಕೆ ಬರುತ್ತಾರೆ, ಕಷ್ಟಕ್ಕೆ ಬರುತ್ತಾರೆ, ಎರಡರಲ್ಲಿ ಯಾವುದೆಂದು ತಿಳಿಯದಿದ್ದರೆ ಇನ್ನೂ ಬೇಗ ಬರುತ್ತಾರೆ. ಅಡುಗೆಮನೆಯ ಕಿಟಕಿಯ ನೇರಕ್ಕೇ ರಸ್ತೆಯಲ್ಲಿ ಗುಂಪು ಕಟ್ಟಿ ನಿಂತಿದ್ದರು. ದೊಡ್ಡೀರಯ್ಯ ಸೋಡಾ ಅಂಗಡಿಯ ಬೆಂಚಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಸಂಗಯ್ಯನವರು ಒಂದು ಕೈಯಲ್ಲಿ ಕೆಮ್ಮಣ್ಣಿನ ಬಟ್ಟಲು, ಇನ್ನೊಂದರಲ್ಲಿ ರವೆಉಂಡೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹಾಲು ಸುರಿದು, ಒಲೆ ಹೊತ್ತಿಸಿದೆ.

ಹಾಲು ಕಾಯುತ್ತಿತ್ತು. ನಾನು ಪಾತ್ರೆಯನ್ನೇ ನೋಡುತ್ತಾ ನಿಂತಿದ್ದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದವು. ಅದು ಉಕ್ಕಿದರೆ ಮುಗಿಯಿತು ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದ ಅತ್ತೆಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ನನ್ನ ಬೆನ್ನಿನ ಮೇಲೆ ಫಟ್ಟನೆ ಒಂದು ಏಟು ಬಿತ್ತು.

"ಅದ್ಯಾಕೆ ಹಂಗೆ ಬಗ್ಗ್ಕೊಂಡು ನಿಂತಿದ್ದೀಯೆ? ನೆಟ್ಟಗೆ ನಿಂತ್ಕೊ! ನಿನ್ನ ಮನೇಲಿ ನೀನು ಹಾಲುಕ್ಕಿಸ್ತಿರೋದು. ಮಲಗಿಸ್ಕೊಳ್ಳಲ್ಲ ಅಂದ್ರೆ ಅದು ಮನೆ ಹಣೆಬರಹ. ನೀನ್ಯಾಕೆ ತಲೆ ತಗ್ಗಿಸ್ಬೇಕು?"

ಮದುವೆಯಾಗಿ ಬಂದಾಗಿನಿಂದ ನನಗೆ ಯಾರೂ ಈ ಮಾತು ಹೇಳಿರಲಿಲ್ಲ. ಬಗ್ಗು, ತಲೆ ನೋಡ್ಕೊ, ಬಾಗಿಲು ಬಂತು ಎಂದೇ ಎಲ್ಲರೂ ಹೇಳಿದ್ದು. ನಾನು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದೆ. ಕತ್ತು ಎತ್ತಿದೆ. ಎಲುಬುಗಳು ಲಟಲಟ ಎಂದವು. ನನ್ನ ನಿಜವಾದ ಎತ್ತರಕ್ಕೆ ನಾನು ಬಂದು ನಿಂತು ಎದುರಿಗೆ ನೋಡಿದರೆ, ರಸ್ತೆಯಿಲ್ಲ. ಹುಣಸೆಮರವಿಲ್ಲ. ಸೋಡಾ ಅಂಗಡಿಯಿಲ್ಲ. ಮೂಗಿನ ನೇರಕ್ಕೆ ಬೆಳ್ಳಗೆ ಸುಣ್ಣ ಹೊಡೆದ ಬರೀ ಗೋಡೆ.

"ಅತ್ತೆ" ಎಂದೆ. "ನನಗೆ ರಸ್ತೆ ಕಾಣಲ್ಲ!"

"ಕಾಣ್ದೆ ಏನು ರೋಗ? ಅಲ್ಲೇ ಇದೆಯಲ್ಲ."

"ನಿಮಗೆ ಕಾಣುತ್ತೆ. ನನಗೆ ಕಾಣಲ್ಲ. ಬಗ್ಗಿದ್ರೆ ಮಾತ್ರ ಕಾಣುತ್ತೆ! ಅತ್ತೆ, ಕಿಟಕೀನ ನಿಮ್ಮ ಅಳತೆಗೆ ಇಳಿಸಿಬಿಟ್ಟಿದ್ದೀರಿ!"

ಸಂಗಯ್ಯನವರ ರವೆಉಂಡೆ ಬಾಯಿಯ ಹತ್ತಿರ ನಿಂತಿತು. ಆಮೇಲೆ ಗುರುಮಲ್ಲ ರಂಗದ ಮೇಲೆ ರಾಜನ ಪಾತ್ರಕ್ಕೆ ಇಟ್ಟುಕೊಂಡಿದ್ದ ದನಿಯಲ್ಲಿ ಅರಚಿದ, "ಅತ್ತಿಗೇ! ಕೈ ಇಡಿ!"

ಹಾಲು ಕೆನೆಗಟ್ಟಿ ಮೇಲೇರುತ್ತಿತ್ತು. ಹುಡುಕುವಾಗೆಲ್ಲ ಬಗ್ಗಿಕೊಂಡೇ ಮುಟ್ಟಿದ್ದ ಕಿಟಕಿಯ ಚೌಕಟ್ಟಿಗೆ ಈಗ ನೆಟ್ಟಗೆ ನಿಂತು ಕೈಯಿಟ್ಟೆ. ಇಟ್ಟೆ ಅಷ್ಟೇ, ಎತ್ತಲಿಲ್ಲ. ಕಿಟಕಿ ಏರಿತು. ಜಾರಿದ ಸೆರಗನ್ನು ಹೆಗಲ ಮೇಲೆ ಹಾಕಿಕೊಳ್ಳುವಷ್ಟು ಸಲೀಸಾಗಿ, ಚೌಕಟ್ಟು, ಸರಳು, ಬಾಗಿಲು ಎಲ್ಲ ಸಮೇತ ಗೋಡೆಯಲ್ಲಿ ಮೇಲಕ್ಕೆ ಬಂದು ನನ್ನ ಕಣ್ಣಿನ ಎದುರಿಗೆ ನಿಂತಿತು. ಒಂದು ಚೂರು ಗಾರೆ ಉದುರಲಿಲ್ಲ. ಅಗೋ ರಸ್ತೆ! ಹುಣಸೆಮರ! ಬಾಯಿ ತೆರೆದುಕೊಂಡು ನಿಂತ ಇಡೀ ಬೀದಿ! ಹೊರಗಿದ್ದವರಿಗೆ ಕಂಡದ್ದು ಇನ್ನೂ ಚೆನ್ನಾಗಿತ್ತಂತೆ. ಕಿಟಕಿ ಗೋಡೆ ಹತ್ತಿತು, ಹತ್ತಿ ನಿಂತಲ್ಲಿ ನನ್ನ ಮುಖ ಕಾಣಿಸಿತು, ಸೂರ್ಯ ಹುಟ್ಟಿದ ಹಾಗಿತ್ತು ಎಂದು ಸೋಡಾ ಅಂಗಡಿಯವನು ಆಮೇಲೆ ಹೇಳಿದ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಆದರೆ ನಾನು ತಿದ್ದಲು ಹೋಗಿಲ್ಲ.

ದೊಡ್ಡೀರಯ್ಯ ಬೆಂಚಿನ ಮೇಲೆ ಹತ್ತಿ ನಿಂತು ಎರಡೂ ಕೈ ಬೀಸಿದ. "ನಾನು ಮೊದಲು ಇಟ್ಟಿದ್ದೂ ಅಲ್ಲೇ ಕಣವ್ವಾ! ನಿನ್ನ ಎತ್ತರ ನೋಡಿಯೇ ಇಟ್ಟಿದ್ದೆ! ಆ ಮಲ್ಲಾಜಮ್ಮನೇ ಕೆಡಿಸಿದ್ದು!"

ಹಾಗಾದರೆ ಮೊದಲಿನ ಕಿಟಕಿಯಲ್ಲಿ ಐಬೇ ಇರಲಿಲ್ಲ. ಮೇಸ್ತ್ರಿ ಸರಿಯಾಗಿಯೇ ಇಟ್ಟಿದ್ದ. ನನ್ನ ಪಾಲಿನ ಐಬನ್ನು ಮನೆಗೆ ತಂದುಕೊಟ್ಟವರು ಅತ್ತೆ, ನನ್ನ ಮೇಲಿನ ಪ್ರೀತಿಗೆ, ತಮ್ಮ ಅಳತೆಯಲ್ಲಿ! ಇದು ಹೊಳೆದ ಕೂಡಲೇ ಅವರೂ ನಾನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ಹಾಲು ಉಕ್ಕಿ, ಪಾತ್ರೆಯ ಮೈಯೆಲ್ಲ ಇಳಿದು, ಒಲೆಯ ಮೇಲೆ ಚುರ್ರೆಂದಿತು. ಯಾರೂ ಉರಿ ಸಣ್ಣ ಮಾಡಲಿಲ್ಲ. ಸಂಗಯ್ಯನವರು ಓಡಿಬಂದು ಬೊಟ್ಟಿಡಲು ಹೋದರೆ ಕೈಯಲ್ಲಿ ರವೆಉಂಡೆ. ಅವಸರದಲ್ಲಿ ಅದನ್ನೇ ಕೆಮ್ಮಣ್ಣಿಗೆ ಅದ್ದಿ ಕಿಟಕಿಯ ಪಕ್ಕಕ್ಕೆ ಒತ್ತಿಬಿಟ್ಟರು. ಆ ಬೊಟ್ಟು ಈಗಲೂ ಇದೆ, ಉಳಿದ ಮೂರಕ್ಕಿಂತ ದಪ್ಪಗೆ. ಇರುವೆಗಳು ಮಾತ್ರ ಹೋಗಲು ಬಹಳ ದಿನ ಹಿಡಿಯಿತು.

ಆ ರಾತ್ರಿ ಮನೆಯೊಳಗೇ ಮಲಗಿದೆವು, ನಾಲ್ವರೂ. ಬೆಳಗ್ಗೆ ಎಚ್ಚರವಾದಾಗ ಕಣ್ಣು ಬಿಡಲು ನನಗೆ ಭಯ. ಕೈ ಚಾಚಿ ಮುಟ್ಟಿ ನೋಡಿದೆ. ಒಳಗಿನ ಗೋಡೆಯ ತಣ್ಣನೆಯ ಸುಣ್ಣ ಕೈಗೆ ಹತ್ತಿತು. ಅಂಗೈ ಬೆಳ್ಳಗಾಗಿತ್ತು. ತೊಳೆದುಕೊಳ್ಳಲು ಮನಸ್ಸಾಗದೆ ಹಾಗೇ ಸ್ವಲ್ಪ ಹೊತ್ತು ನೋಡುತ್ತಾ ಮಲಗಿದ್ದೆ.

ಈಗ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ಜಗಳ ಇದ್ದದ್ದೇ. ನಾನು ಒಲೆಯ ಮುಂದೆ ಬಂದು ಚೌಕಟ್ಟು ಮುಟ್ಟಿದರೆ ಕಿಟಕಿ ನನ್ನ ಕಣ್ಣಿನ ನೇರಕ್ಕೆ ಬರುತ್ತದೆ, ಅತ್ತೆಗೆ ಬರೀ ಗೋಡೆ. ನಾನು ಆಚೆ ಹೋದರೆ ಕೆಳಗಿಳಿಯುತ್ತದೆ, ಆಗ ಅವರ ಪಾಳಿ. ಆದರೆ ಬೀದಿಯಲ್ಲಿ ನೋಡುವಂಥದ್ದು ನಡೆಯುವುದು ಯಾವಾಗಲೂ ನಾನು ಒಲೆಯ ಮುಂದೆ ಇರುವಾಗಲೇ. "ಏನದು? ಏನದು ಗಲಾಟೆ?" ಎಂದು ಅವರು ನನ್ನ ಮೊಣಕೈ ಹತ್ತಿರ ಕುಪ್ಪಳಿಸುತ್ತಾರೆ. ಆಮೇಲೆ ಬೈದುಕೊಳ್ಳುತ್ತಾ ಹೋಗಿ ಊಟದ ಮಣೆ ತಂದು ಕೆಳಗೆ ಹಾಕಿ, ನನ್ನ ಹೆಗಲು ಹಿಡಿದು ಹತ್ತಿ ನಿಲ್ಲುತ್ತಾರೆ. ಅಷ್ಟು ಎತ್ತರದಿಂದ ಅವರು ಈ ಮೊದಲು ಊರನ್ನು ನೋಡಿರಲಿಲ್ಲ, ಆದ್ದರಿಂದ ಇಳಿಯುವುದೇ ಇಲ್ಲ. ಒಗ್ಗರಣೆ ಎಷ್ಟೋ ಸಲ ಸೀದಿದೆ. ಈಗ ಬೈಯುವವರು ಯಾರೂ ಇಲ್ಲ.

"ಒಂಚೂರು ಬಗ್ಗಿದ್ರೆ ಏನೇ ಗಂಟು ಹೋಗುತ್ತೆ ನಿಂದು? ನಾನು ಈ ವಯಸ್ಸಲ್ಲಿ ಮಣೆ ಹತ್ತಬೇಕಾ?" ಎನ್ನುತ್ತಾರೆ, ಕಣ್ಣು ಬೀದಿಯ ಮೇಲೇ ಇಟ್ಟುಕೊಂಡು.

"ನೆಟ್ಟಗೆ ನಿಂತ್ಕೊ ಅಂದೋರು ನೀವೇ ಅಲ್ವಾ ಅತ್ತೆ" ಎನ್ನುತ್ತೇನೆ ನಾನು, ಅವರು ಬೀಳದ ಹಾಗೆ ಸೊಂಟಕ್ಕೆ ಕೈ ಕೊಟ್ಟು.